ಎಂಡೊಮೆಟ್ರಿಯೋಸಿಸ್ ಆಪರೇಷನ್‌ಗೆ ಮುಂಚೆ ಯಾವ ಸ್ಕ್ಯಾನ್: ಟಿವಿಎಸ್ಸೋ, ಎಂಆರ್‌ಐಯೋ, ಎರಡೂ ಬೇಕೋ?

ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ರೋಗವೇ ಎಂಡೊಮೆಟ್ರಿಯೋಸಿಸ್. ಅದರಿಂದ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿಕೊಂಡ ಚೀಲಕ್ಕೆ ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. "ಎಡ ಅಂಡಾಶಯದಲ್ಲಿ 4 ಸೆಂ.ಮೀ. ಚಾಕೊಲೇಟ್ ಸಿಸ್ಟ್. ಗರ್ಭಕೋಶ, ಬಲ ಅಂಡಾಶಯ ನಾರ್ಮಲ್." ಇಷ್ಟೇ ಬರೆದ ರಿಪೋರ್ಟನ್ನು ನಂಬಿ ಲ್ಯಾಪರೋಸ್ಕೋಪಿಗೆ ದಿನ ಗೊತ್ತುಮಾಡುವುದುಂಟು. ಫಜೀತಿ ಶುರುವಾಗುವುದು ಹೊಟ್ಟೆಯೊಳಗೆ ಕ್ಯಾಮೆರಾ ಹೋದ ಮೇಲೆ. ಗರ್ಭಕೋಶದ ಬೆನ್ನಿಗೆ ಗುದನಾಳ ಅಂಟಿಕೊಂಡಿದೆ, ನಡುವೆ ಗಟ್ಟಿ ಗಂಟಿದೆ, ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ಮೂತ್ರನಾಳ ಎಲ್ಲಿದೆಯೆಂದು ಕಾಣುತ್ತಿಲ್ಲ. ಆಗ ಸರ್ಜನ್ ಸಿಸ್ಟ್ ಮಾತ್ರ ತೆಗೆದು ಗಂಟನ್ನು ಹಾಗೇ ಬಿಟ್ಟು ಹೊರಬರಬೇಕು. ಇಲ್ಲವೇ ಕರುಳಿನ ಸರ್ಜನ್ ಪಕ್ಕದಲ್ಲಿಲ್ಲದೆ, ರೋಗಿಯ ಒಪ್ಪಿಗೆಯೂ ಇಲ್ಲದೆ ಕರುಳಿಗೆ ಕೈ ಹಾಕಬೇಕು. ಬಿಟ್ಟು ಬಂದರೆ ಇನ್ನೊಂದು ಆಪರೇಷನ್ ಬೇಕಾಗಬಹುದು. ಒಮ್ಮೆ ಬಿಡಿಸಿದ ಜಾಗ ಮತ್ತೆ ಅಂಟಿಕೊಂಡಿರುವುದರಿಂದ ಅದು ಮೊದಲಿಗಿಂತ ಕಷ್ಟದ್ದು.

ಚಾಕೊಲೇಟ್ ಸಿಸ್ಟ್ ಒಂಟಿಯಾಗಿರುವುದು ಕಡಿಮೆ. ಅದು ಕಂಡಿತೆಂದರೆ ಬೇರೆ ಕಡೆಯೂ ಆಳಕ್ಕೆ ಇಳಿದ ರೋಗ ಇರಬಹುದೆಂದು ಹುಡುಕಬೇಕು. ಆ ಹುಡುಕಾಟಕ್ಕೆ ಟಿವಿಎಸ್ (ಯೋನಿಯ ಮೂಲಕ ಮಾಡುವ ಅಲ್ಟ್ರಾಸೌಂಡ್), ಎಂಆರ್‌ಐ ಇವುಗಳಲ್ಲಿ ಯಾವ ಸ್ಕ್ಯಾನ್ ಆರಿಸಬೇಕು, ಯಾವುದು ಎಲ್ಲಿ ಕೈಕೊಡುತ್ತದೆ ಎಂಬುದು ಇಲ್ಲಿನ ವಿಷಯ. ಆಪರೇಷನ್ ಬೇಕೇ ಬೇಡವೇ ಎನ್ನುವ ಚರ್ಚೆ ಬೇರೆ. ಅದನ್ನು ಇಲ್ಲಿ ಮುಟ್ಟಿಲ್ಲ.

ಸರ್ಜನ್‌ಗೆ ಬೇಕಾದ ಉತ್ತರಗಳು

ಸ್ಕ್ಯಾನ್ ಆರಿಸುವ ಮೊದಲು ಅದರಿಂದ ಏನು ತಿಳಿಯಬೇಕು ಎಂಬುದು ಸ್ಪಷ್ಟವಿರಲಿ. ಎಲ್ಲಕ್ಕಿಂತ ಹೆಚ್ಚು ವಿವರ ಬೇಕಾಗಿರುವುದು ಕರುಳಿನ ವಿಷಯದಲ್ಲಿ. ಗಂಟು ಇದೆಯೋ ಇಲ್ಲವೋ ಎನ್ನುವುದಷ್ಟೇ ಸಾಲದು. ಅದರ ಉದ್ದ ಎಷ್ಟು, ಕರುಳಿನ ಗೋಡೆಯ ಯಾವ ಪದರದವರೆಗೆ ಇಳಿದಿದೆ, ಸುತ್ತಳತೆಯಲ್ಲಿ ಎಷ್ಟು ಭಾಗ ಹಿಡಿದಿದೆ, ಗುದದ್ವಾರದಿಂದ ಎಷ್ಟು ಸೆಂ.ಮೀ. ಮೇಲಿದೆ, ಒಂದೇ ಇದೆಯೋ ಇನ್ನೂ ಇವೆಯೋ? ಈ ಐದು ಅಳತೆಗಳ ಮೇಲೆ ಆಪರೇಷನ್ನಿನ ಬಗೆಯೇ ಬದಲಾಗುತ್ತದೆ. ಮೇಲ್ಮೈಯಲ್ಲಷ್ಟೇ ಇದ್ದರೆ ಹೆರೆದು ತೆಗೆಯುತ್ತಾರೆ. 3 ಸೆಂ.ಮೀ.ಗಿಂತ ಚಿಕ್ಕದು, ಆದರೆ ಸ್ನಾಯುಪದರಕ್ಕೆ ಇಳಿದಿದೆ ಎಂದಾದರೆ ಆ ಬಿಲ್ಲೆಯಷ್ಟನ್ನು ಕತ್ತರಿಸಿ ಹೊಲಿಯಬಹುದು. 3 ಸೆಂ.ಮೀ. ಮೀರಿದರೆ, ಸುತ್ತಳತೆಯ ಅರ್ಧದಷ್ಟು ಹಿಡಿದಿದ್ದರೆ, ಅಥವಾ ಹತ್ತಿರ ಹತ್ತಿರ ಎರಡು ಮೂರು ಗಂಟುಗಳಿದ್ದರೆ, ಕರುಳಿನ ಒಂದು ತುಂಡನ್ನೇ ತೆಗೆದು ಜೋಡಿಸುವ ಮಾತು ಬರುತ್ತದೆ. ಜೋಡಣೆ ಗುದದ್ವಾರಕ್ಕೆ ಹತ್ತಿರವಾದಷ್ಟೂ ಸೋರಿಕೆಯ ಅಪಾಯ ಹೆಚ್ಚು. ಹಾಗಾಗಿಯೇ ಕೆಲವರಿಗೆ ಕೆಲವು ತಿಂಗಳ ಮಟ್ಟಿಗೆ ಹೊಟ್ಟೆಯ ಮೇಲೆ ಮಲದ ಚೀಲ, ಅಂದರೆ ಸ್ಟೋಮಾ, ಇಡಬೇಕಾಗುತ್ತದೆ. ಆ ಸಾಧ್ಯತೆ ರೋಗಿಗೆ ಗೊತ್ತಾಗಬೇಕಾದ್ದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ, ಆಪರೇಷನ್ ಮುಗಿದು ಎಚ್ಚರವಾದಾಗ ಅಲ್ಲ.

ಎರಡನೆಯದು ಮೂತ್ರನಾಳ. ಎಂಡೊಮೆಟ್ರಿಯೋಸಿಸ್ ಮೂತ್ರನಾಳವನ್ನು ಹೊರಗಿನಿಂದ ಹಿಸುಕಿದರೆ ಕಿಡ್ನಿ ಊದಿಕೊಳ್ಳುತ್ತದೆ. ನೋವೇ ಇರದಿರಬಹುದು. ಏನೂ ತಿಳಿಯದೆ ಒಂದು ಕಿಡ್ನಿ ಪೂರ್ತಿ ಕೆಲಸ ನಿಲ್ಲಿಸಿರುವುದೂ ಉಂಟು. ಮೂತ್ರಕೋಶದಲ್ಲಿ ಗಂಟಿದ್ದರೆ ಅದು ಮೂತ್ರನಾಳ ಬಂದು ಸೇರುವ ಬಾಯಿಯಿಂದ ಎಷ್ಟು ದೂರ ಎಂಬ ಅಳತೆ ಬೇಕು. ಹತ್ತಿರವಿದ್ದರೆ ಯೂರಾಲಜಿಸ್ಟ್ ಇರಬೇಕು, ಮೊದಲೇ ಸ್ಟೆಂಟ್ ಹಾಕಬೇಕಾಗಬಹುದು.

ಇವುಗಳ ಜೊತೆಗೆ ಇನ್ನೂ ಇವೆ. ಗರ್ಭಕೋಶ ಮತ್ತು ಗುದನಾಳದ ನಡುವಿನ ಸಂದು (ಡಗ್ಲಾಸ್ ಚೀಲ ಎನ್ನುತ್ತಾರೆ) ತೆರೆದಿದೆಯೋ ಅಂಟಿ ಮುಚ್ಚಿದೆಯೋ, ಗರ್ಭಕೋಶದ ಗೋಡೆಯೊಳಗೇ ಇಂಥ ಅಂಗಾಂಶ ಬೆಳೆಯುವ ಅಡಿನೊಮಯೋಸಿಸ್ ಇದೆಯೋ, ಮಕ್ಕಳಾಗಬೇಕೆಂದಿದ್ದರೆ ಅಂಡಾಶಯದಲ್ಲಿ ಅಂಡಾಣುಗಳಿರುವ ಪುಟ್ಟ ಕೋಶಗಳು ಎಷ್ಟು ಉಳಿದಿವೆ.

ಮಾಮೂಲಿ ಹೊಟ್ಟೆ ಸ್ಕ್ಯಾನ್

ನೀರು ಕುಡಿಸಿ, ಮೂತ್ರ ಕಟ್ಟಿಸಿ, ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಮಾಡುವ ಸ್ಕ್ಯಾನ್ ಇದು. ದೊಡ್ಡ ಸಿಸ್ಟ್ ಕಾಣುತ್ತದೆ, ಊದಿದ ಕಿಡ್ನಿ ಕಾಣುತ್ತದೆ. ಕರುಳಿನ ಗಂಟು, ಗರ್ಭಕೋಶದ ಹಿಂದಿನ ಪಟ್ಟಿಗಳು, ಮುಚ್ಚಿದ ಸಂದು ಇದರಲ್ಲಿ ಗೊತ್ತಾಗುವುದಿಲ್ಲ. ಆಪರೇಷನ್ ಯೋಜನೆಗೆ ಇದೊಂದನ್ನೇ ನೆಚ್ಚಬೇಡಿ. ಆದರೆ ಕಿಡ್ನಿ ನೋಡುವ ಕೆಲಸಕ್ಕೆ ಇದೇ ಬೇಕು. ಟಿವಿಎಸ್ ಮಾಡಿಸಿದವರೂ ಎರಡೂ ಕಿಡ್ನಿಯನ್ನು ಹೊಟ್ಟೆಯ ಮೇಲಿಂದ ನೋಡಿಸಿಕೊಂಡೇ ಮೇಜಿನಿಂದ ಇಳಿಯಬೇಕು. ಎರಡು ನಿಮಿಷದ ಕೆಲಸ, ಬಿಟ್ಟುಹೋಗುವುದೂ ಸುಲಭ.

ತಜ್ಞರು ಮಾಡುವ ಟಿವಿಎಸ್

ಟಿವಿಎಸ್ ಎಂದರೆ ಯೋನಿಯ ಮೂಲಕ ಪ್ರೋಬ್ ಇಟ್ಟು ಮಾಡುವ ಅಲ್ಟ್ರಾಸೌಂಡ್. ಐವಿಎಫ್ ಸೆಂಟರ್‌ಗಳಲ್ಲಿ ದಿನವೂ ಆಗುವ ಐದು ಹತ್ತು ನಿಮಿಷದ ಟಿವಿಎಸ್ಸೂ ಎಂಡೊಮೆಟ್ರಿಯೋಸಿಸ್‌ಗಾಗಿ ಮಾಡುವ ಟಿವಿಎಸ್ಸೂ ಹೆಸರಿನಲ್ಲಿ ಮಾತ್ರ ಒಂದು. ಎರಡನೆಯದಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ, ಮತ್ತು ಅದಕ್ಕೆ ಒಂದು ಕ್ರಮವಿದೆ. 2016ರಲ್ಲಿ ಐಡಿಯಾ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪು ಆ ಕ್ರಮವನ್ನು ನಾಲ್ಕು ಹಂತಗಳಲ್ಲಿ ಬರೆದಿಟ್ಟಿತು: ಗರ್ಭಕೋಶ ಮತ್ತು ಅಂಡಾಶಯ ನೋಡುವುದು, ಯಾವ ಜಾಗ ಮುಟ್ಟಿದರೆ ನೋವು ಮತ್ತು ಅಂಡಾಶಯ ಅಲುಗುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು, ಹಿಂದಿನ ಸಂದು ಜಾರುತ್ತದೆಯೇ ನೋಡುವುದು, ಕೊನೆಗೆ ಮುಂದಿನ ಮತ್ತು ಹಿಂದಿನ ಭಾಗಗಳಲ್ಲಿ ಗಂಟು ಹುಡುಕುವುದು.

ಮೂರನೇ ಹಂತವೇ ಟಿವಿಎಸ್ಸಿನ ನಿಜವಾದ ಬಲ. ಪ್ರೋಬಿನ ತುದಿಯಿಂದ ಗರ್ಭಕಂಠವನ್ನು ಮೆಲ್ಲಗೆ ಒತ್ತಿ ಬಿಡುತ್ತಾರೆ. ಆರೋಗ್ಯವಂತರಲ್ಲಿ ಗುದನಾಳದ ಮುಂಗೋಡೆ ಕಂಠದ ಹಿಂಬದಿಯ ಮೇಲೆ ಸಲೀಸಾಗಿ ಜಾರುವುದು ಪರದೆಯ ಮೇಲೇ ಕಾಣುತ್ತದೆ. ಆಮೇಲೆ ಇನ್ನೊಂದು ಕೈಯನ್ನು ಕೆಳಹೊಟ್ಟೆಯ ಮೇಲಿಟ್ಟು, ಗರ್ಭಕೋಶದ ಮೇಲ್ಭಾಗವನ್ನು ಕೈಗೂ ಪ್ರೋಬಿಗೂ ನಡುವೆ ಅಲುಗಿಸಿ ಅಲ್ಲಿಯೂ ಕರುಳು ಜಾರುತ್ತದೆಯೇ ನೋಡುತ್ತಾರೆ. ಅಂಟಿಕೊಂಡಿದ್ದರೆ ಗರ್ಭಕೋಶವೂ ಕರುಳೂ ಒಂದೇ ತುಂಡಿನಂತೆ ಒಟ್ಟಿಗೆ ಅಲುಗುತ್ತವೆ. ರಿಪೋರ್ಟಿನಲ್ಲಿ ಇದನ್ನು ‘ಸ್ಲೈಡಿಂಗ್ ಸೈನ್ ಪಾಸಿಟಿವ್’ ಅಥವಾ ‘ನೆಗೆಟಿವ್’ ಎಂದು ಬರೆಯುತ್ತಾರೆ. ಇಲ್ಲಿ ಪಾಸಿಟಿವ್ ಎಂದರೆ ಒಳ್ಳೆಯದು, ಜಾರುತ್ತಿದೆ ಎಂದರ್ಥ. ಉಳಿದ ಎಲ್ಲ ಟೆಸ್ಟುಗಳಿಗೆ ತಿರುಗಮುರುಗ ಆಗಿರುವುದರಿಂದ ಮನೆಯವರು ಗಾಬರಿಯಾಗುವುದು ಸಹಜ. ಎಂಆರ್‌ಐ ನಿಂತ ಚಿತ್ರ. ಅಂಟಿರಬಹುದು ಎಂದು ಅದು ಸುಳಿವು ಕೊಡಬಲ್ಲದು, ಹೀಗೆ ಅಲುಗಿಸಿ ತೋರಿಸಲಾರದು.

ಕರುಳಿನ ಗಂಟು ಹೇಗೆ ಕಾಣುತ್ತದೆ? ಗುದನಾಳದ ಗೋಡೆಯ ಸ್ನಾಯುಪದರ ಸಾಮಾನ್ಯವಾಗಿ ತೆಳುವಾದ ಕಪ್ಪು ಗೆರೆ. ರೋಗ ಹಿಡಿದ ಜಾಗದಲ್ಲಿ ಆ ಗೆರೆ ಕದಿರಿನ ಹಾಗೆ ನಡುವೆ ಉಬ್ಬಿ ಎರಡೂ ತುದಿಗೆ ಸಪೂರವಾಗುತ್ತದೆ. ಉದ್ದ, ದಪ್ಪ, ಅಗಲ ಮೂರನ್ನೂ ಅಳೆಯಬೇಕು. ಗರ್ಭಕೋಶದ ಹಿಂದಿನ ಎರಡು ಪಟ್ಟಿಗಳು, ಅಂದರೆ ಯೂಟೆರೊಸೇಕ್ರಲ್ ಲಿಗಮೆಂಟುಗಳು, ಆರೋಗ್ಯವಾಗಿದ್ದರೆ ಅಲ್ಟ್ರಾಸೌಂಡಿನಲ್ಲಿ ಬೇರೆಯಾಗಿ ಕಾಣುವುದೇ ಇಲ್ಲ. ದಪ್ಪಗೆ, ಕಪ್ಪಗೆ ಎದ್ದು ಕಂಡರೆ ಅನುಮಾನ. ಚಾಕೊಲೇಟ್ ಸಿಸ್ಟಿನೊಳಗೆ ಉಜ್ಜಿದ ಗಾಜಿನಂಥ ಒಂದೇ ಸಮನೆಯ ಬೂದು ಬಣ್ಣ, ಒಳಗೆ ರಕ್ತಸಂಚಾರವಿಲ್ಲ. ಎರಡೂ ಅಂಡಾಶಯ ಗರ್ಭಕೋಶದ ಬೆನ್ನ ಹಿಂದೆ ಬಂದು ಒಂದಕ್ಕೊಂದು ತಾಗಿ ನಿಂತಿದ್ದರೆ ಒಳಗೆ ಅಂಟು ಜೋರಾಗಿದೆ ಎಂದೇ ತಿಳಿಯಬೇಕು.

ತಯಾರಿ ದೊಡ್ಡದೇನಲ್ಲ. ಮೂತ್ರಕೋಶ ಪೂರ್ತಿ ಖಾಲಿ ಬೇಡ, ಸ್ವಲ್ಪ ಮೂತ್ರವಿದ್ದರೆ ಅದರ ಗೋಡೆಯ ಗಂಟು ಕಾಣುತ್ತದೆ. ಕರುಳು ನೋಡಬೇಕಾದಾಗ ಕೆಲವು ಕಡೆ ಹಿಂದಿನ ರಾತ್ರಿ ಹಗುರ ಭೇದಿಮಾತ್ರೆ, ಸ್ಕ್ಯಾನಿಗೆ ಸುಮಾರು ಒಂದು ಗಂಟೆ ಮುಂಚೆ ಸಣ್ಣ ಎನಿಮಾ ಕೊಡುತ್ತಾರೆ. ಕಡ್ಡಾಯವಲ್ಲ, ಆದರೆ ಮಲ ಮತ್ತು ಗಾಳಿ ಅಡ್ಡ ಬಂದರೆ ಹಿಂದಿನದೇನೂ ಕಾಣದು. ಎಲ್ಲಿ ಒತ್ತಿದಾಗ ನಿಮ್ಮ ಮಾಮೂಲಿ ನೋವು ಬಂತೋ ಆಗಲೇ ಬಾಯಿಬಿಟ್ಟು ಹೇಳಿ. ಅದೂ ಪರೀಕ್ಷೆಯ ಭಾಗವೇ; ಹಲ್ಲುಕಚ್ಚಿ ಸುಮ್ಮನಿದ್ದರೆ ನಷ್ಟ ನಿಮಗೇ.

ಟಿವಿಎಸ್ ಎಲ್ಲಿ ಸೋಲುತ್ತದೆ? ಪ್ರೋಬಿನ ದೃಷ್ಟಿ ಗುದನಾಳ ಮತ್ತು ಅದಕ್ಕೆ ಮೇಲಿನಿಂದ ಸೇರುವ ಸಿಗ್ಮಾಯ್ಡ್ ಕರುಳಿನ ಕೆಳಭಾಗದವರೆಗೆ. ಅದರಾಚೆಗಿನ ಸಿಗ್ಮಾಯ್ಡ್, ಅಪೆಂಡಿಕ್ಸ್, ಸಣ್ಣ ಕರುಳಿನ ಕೊನೆಯ ಭಾಗ, ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ) ಇದಕ್ಕೆ ಸಿಗುವುದಿಲ್ಲ. ಗರ್ಭಕೋಶದಲ್ಲಿ ದೊಡ್ಡ ಫೈಬ್ರಾಯ್ಡ್ (ಮಾಂಸದ ಗಡ್ಡೆ) ಇದ್ದರೆ ಅದರ ನೆರಳು ಹಿಂದಿನದನ್ನು ಮುಚ್ಚುತ್ತದೆ. ಗುದದ್ವಾರದಿಂದ ಇರುವ ದೂರ ಇದರಲ್ಲಿ ಅಂದಾಜು ಮಾತ್ರ. ಇದೆಲ್ಲಕ್ಕಿಂತ ದೊಡ್ಡ ಮಿತಿ ಮಾಡುವವರ ಕೈ. ಯಂತ್ರ ಎಷ್ಟೇ ದುಬಾರಿಯಾದರೂ, ಕರುಳಿನ ಗೋಡೆಯನ್ನು ಹುಡುಕಿ ಅಭ್ಯಾಸವಿಲ್ಲದವರು ನೋಡಿದರೆ ‘ನಾರ್ಮಲ್’ ಎಂದೇ ಬರುತ್ತದೆ. ಸೆಂಟರಿಗೆ ಫೋನ್ ಮಾಡಿದಾಗ ಕೇಳಬೇಕಾದದ್ದು ಎರಡೇ: ‘ಡೀಪ್ ಎಂಡೊಮೆಟ್ರಿಯೋಸಿಸ್ ಸ್ಕ್ಯಾನ್ ಮಾಡುತ್ತೀರಾ, ರಿಪೋರ್ಟಿನಲ್ಲಿ ಸ್ಲೈಡಿಂಗ್ ಸೈನ್ ಬರೆಯುತ್ತೀರಾ?’ ಎದುರಿನವರು ತಡವರಿಸಿದರೆ ಬೇರೆ ಕಡೆ ನೋಡಿ.

ಎಂಆರ್‌ಐ

ಎಂಆರ್‌ಐ ಇಡೀ ಕೆಳಹೊಟ್ಟೆಯನ್ನು ಒಂದೇ ಸಲ, ಎಲ್ಲ ದಿಕ್ಕಿನಿಂದ ತೋರಿಸುತ್ತದೆ. ಎಕ್ಸ್‌ರೇ ಕಿರಣ ಇಲ್ಲ. ಚಿತ್ರಗಳನ್ನು ಸಿ.ಡಿ.ಯಲ್ಲಿ ತುಂಬಿ ಬೇರೆ ಊರಿನ ತಜ್ಞರಿಗೆ ಕಳಿಸಬಹುದು ಎನ್ನುವುದು ನಮ್ಮ ರಾಜ್ಯದ ಮಟ್ಟಿಗೆ ಬಹಳ ದೊಡ್ಡ ಅನುಕೂಲ. ಟಿವಿಎಸ್ ಮಾಡಿದವರ ಕೈಯಲ್ಲೇ ಮುಗಿದುಹೋಗುತ್ತದೆ. ಎಂಆರ್‌ಐಯನ್ನು ಬೀದರ್‌ನಲ್ಲಿ ತೆಗೆಸಿ ಬೆಂಗಳೂರಿನಲ್ಲಿ ಓದಿಸಬಹುದು. ಆದರೆ ತೆಗೆಯುವ ವಿಧಾನ ಸರಿಯಿದ್ದರೆ ಮಾತ್ರ. ಮಸುಕಾದ ಚಿತ್ರವನ್ನು ಯಾವ ತಜ್ಞರೂ ಸರಿಮಾಡಲಾರರು.

ವಿಧಾನದ ವಿಷಯದಲ್ಲೇ ಹೆಚ್ಚು ತಪ್ಪಾಗುವುದು. ಚೀಟಿಯಲ್ಲಿ ಬರೇ ‘ಎಂಆರ್‌ಐ ಪೆಲ್ವಿಸ್’ ಎಂದಿದ್ದರೆ ಫೈಬ್ರಾಯ್ಡಿಗೆ ಮಾಡುವ ಮಾಮೂಲಿ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ‘ಎಂಡೊಮೆಟ್ರಿಯೋಸಿಸ್ ಪ್ರೋಟೋಕಾಲ್’ ಎಂದು ಡಾಕ್ಟರ್ ಕೈಯಲ್ಲೇ ಬರೆಸಿಕೊಳ್ಳಿ, ಜೊತೆಗೆ ಎಲ್ಲಿ ನೋವು, ಹಿಂದೆ ಯಾವ ಆಪರೇಷನ್ ಆಗಿದೆ ಎಂಬುದೂ ಇರಲಿ. ಯುರೋಪಿನ ಯೂರೋಜೆನಿಟಲ್ ರೇಡಿಯಾಲಜಿ ಸಂಘ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಜಾಡಿನಲ್ಲೇ ಹೆಚ್ಚಿನ ಒಳ್ಳೆಯ ಸೆಂಟರ್‌ಗಳು ನಡೆಯುತ್ತವೆ. ಅದರ ಸಾರ ಹೀಗಿದೆ.

ಸ್ಕ್ಯಾನಿಗೆ ನಾಲ್ಕರಿಂದ ಆರು ಗಂಟೆ ಮೊದಲಿನಿಂದ ಊಟ ಬೇಡ. ಹೊಟ್ಟೆ ತುಂಬಿದ್ದರೆ ಕರುಳು ಕದಲುತ್ತಲೇ ಇರುತ್ತದೆ. ಒಂದೊಂದು ಸರಣಿ ಚಿತ್ರಕ್ಕೂ ಕೆಲವು ನಿಮಿಷ ಬೇಕಾಗುವುದರಿಂದ ಕದಲಿದ ಕರುಳು ಮಸುಕಾಗಿ, ಗಂಟು ಅದರಲ್ಲೇ ಕಳೆದುಹೋಗುತ್ತದೆ. ಇದನ್ನು ತಡೆಯಲು ಕರುಳಿನ ಚಲನೆ ನಿಲ್ಲಿಸುವ ಇಂಜೆಕ್ಷನ್ ಕೊಡುತ್ತಾರೆ. ಸಾಮಾನ್ಯವಾಗಿ ಬಸ್ಕೋಪಾನ್ 20 ಮಿ.ಗ್ರಾಂ. ಕಣ್ಣಿನ ಗ್ಲಾಕೋಮಾ, ಎದೆಬಡಿತ ತೀರಾ ಜೋರಾಗುವ ತೊಂದರೆ, ಸ್ನಾಯು ದುರ್ಬಲವಾಗುವ ಮಯಸ್ತೇನಿಯಾ ರೋಗ ಇದ್ದವರು ಮೊದಲೇ ಹೇಳಬೇಕು. ಇದರ ಪ್ರಭಾವ ಬೇಗ ಇಳಿಯುತ್ತದೆ, ಹಾಗಾಗಿ ಮುಖ್ಯವಾದ ಟಿ2 ಸರಣಿಗಳನ್ನು (ಟಿ1, ಟಿ2 ಎಂದರೆ ಎಂಆರ್‌ಐ ಚಿತ್ರದ ಎರಡು ಬಗೆ) ಮೊದಲೇ ತೆಗೆದುಬಿಡಬೇಕು. ಈ ಇಂಜೆಕ್ಷನ್ ಕೊಡದೆ ಮುಗಿಸುವ ಸೆಂಟರ್‌ಗಳೂ ಇವೆ. ಕೊಡುತ್ತೀರಾ ಎಂದು ಕೇಳಿದರೆ ಏನೂ ನಷ್ಟವಿಲ್ಲ.

ಮೂತ್ರಕೋಶ ಅರ್ಧದಷ್ಟು ತುಂಬಿರಲಿ. ಸ್ಕ್ಯಾನಿಗೆ ಸುಮಾರು ಒಂದು ಗಂಟೆ ಮೊದಲು ಮೂತ್ರ ಮಾಡಿ ಬಂದರೆ ಸರಿಹೋಗುತ್ತದೆ. ಪೂರ್ತಿ ತುಂಬಿದ್ದರೆ ಮೂವತ್ತು ನಲವತ್ತು ನಿಮಿಷ ಅಲುಗದೆ ಮಲಗಲು ಆಗುವುದಿಲ್ಲ. ಪೂರ್ತಿ ಖಾಲಿಯಿದ್ದರೆ ಗೋಡೆ ಮಡಿಸಿಕೊಂಡು ಇಲ್ಲದ ಗಂಟು ಇದ್ದಂತೆ ತೋರುತ್ತದೆ. ಕೆಲವು ಕಡೆ ಯೋನಿಗೆ, ಗುದನಾಳಕ್ಕೆ ಅಲ್ಟ್ರಾಸೌಂಡ್ ಜೆಲ್ ತುಂಬುತ್ತಾರೆ. ಇದರಿಂದ ಗೋಡೆಗಳು ಬಿಡಿಸಿಕೊಂಡು ಯೋನಿಯ ಮೇಲ್ತುದಿಯ ಗಂಟು ಸ್ಪಷ್ಟವಾಗುತ್ತದೆ. ಮಾರ್ಗಸೂಚಿ ಇದನ್ನು ಐಚ್ಛಿಕವೆಂದಿದೆ. ಮಾಡುವುದಿದ್ದರೆ ನಿಮಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು.

ಚಿತ್ರಗಳ ವಿಷಯ ತುಸು ತಾಂತ್ರಿಕ, ಆದರೂ ತಿಳಿದಿರಲಿ. ಆಳದ ಗಂಟು ಎಂದರೆ ಹೆಚ್ಚಾಗಿ ನಾರುಗಟ್ಟಿದ ಅಂಗಾಂಶ. ಟಿ2 ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಸುತ್ತಲಿನ ಕೊಬ್ಬು ಬೆಳ್ಳಗಿರುವುದರಿಂದಲೇ ಅದು ಎದ್ದು ಕಾಣುವುದು. ಹಾಗಾಗಿ ಟಿ2 ಚಿತ್ರಗಳನ್ನು ಕೊಬ್ಬನ್ನು ಅಳಿಸದೆ, 3ರಿಂದ 4 ಮಿ.ಮೀ. ತೆಳು ಪದರಗಳಲ್ಲಿ, ಉದ್ದುದ್ದ, ಅಡ್ಡ ಮತ್ತು ಓರೆ ದಿಕ್ಕುಗಳಲ್ಲಿ ತೆಗೆಯಬೇಕು. ಓರೆ ದಿಕ್ಕಿನದು ಇಲ್ಲದಿದ್ದರೆ ಹಿಂದಿನ ಪಟ್ಟಿಗಳ ರೋಗ ತಪ್ಪಿಹೋಗುತ್ತದೆ. ಟಿ1 ಚಿತ್ರ ಮಾತ್ರ ಎರಡು ಬಗೆಯಲ್ಲೂ ಬೇಕು, ಕೊಬ್ಬು ಇಟ್ಟುಕೊಂಡು ಒಂದು, ಅಳಿಸಿ ಒಂದು. ಹಳೆಯ ರಕ್ತವೂ ಕೊಬ್ಬೂ ಟಿ1ರಲ್ಲಿ ಬೆಳ್ಳಗೇ ಇರುತ್ತವೆ. ಕೊಬ್ಬನ್ನು ಅಳಿಸಿದ ಮೇಲೂ ಬೆಳ್ಳಗೇ ಉಳಿದರೆ ಚಾಕೊಲೇಟ್ ಸಿಸ್ಟ್ ಕಡೆಗೆ ವಾಲುತ್ತದೆ. ಕಪ್ಪಾದರೆ ಕೊಬ್ಬು ತುಂಬಿದ ಡರ್ಮಾಯ್ಡ್ ಸಿಸ್ಟ್. ಅದೇ ಚಾಕೊಲೇಟ್ ಸಿಸ್ಟ್ ಟಿ2ರಲ್ಲಿ ಮಬ್ಬುಗಪ್ಪಾಗುತ್ತದೆ, ತಿಂಗಳು ತಿಂಗಳು ಸೇರಿದ ರಕ್ತದ ಕಬ್ಬಿಣದ ಅಂಶದಿಂದ. ಕರುಳಿನ ದೊಡ್ಡ ಗಂಟು ಅಡ್ಡ ಕೊಯ್ದ ಅಣಬೆಯ ಹಾಗೆ ಕಾಣುತ್ತದೆ: ಕಪ್ಪು ಬುಡ ಸ್ನಾಯುಪದರ, ಮೇಲಿನ ಬಿಳಿ ಟೋಪಿ ಒಳಪದರ.

ಕಾಂಟ್ರಾಸ್ಟ್ ಇಂಜೆಕ್ಷನ್ ಪ್ರತಿಯೊಬ್ಬರಿಗೂ ಬೇಕಿಲ್ಲ. ಸಿಸ್ಟಿನೊಳಗೆ ಗಟ್ಟಿ ಭಾಗ ಕಂಡು ಕ್ಯಾನ್ಸರ್ ಅನುಮಾನ ಬಂದರೆ ಬೇಕಾಗುತ್ತದೆ. ಕಿಡ್ನಿ ಕೆಲಸ ತೀರ ಕುಗ್ಗಿದ್ದರೆ ಅದನ್ನು ಕೊಡುವ ಮೊದಲು ಯೋಚಿಸಬೇಕು. ಇನ್ನು ಟೆಸ್ಲಾ, ಅಂದರೆ ಯಂತ್ರದ ಅಯಸ್ಕಾಂತದ ಬಲದ ಲೆಕ್ಕ. 1.5 ಟೆಸ್ಲಾ ಯಂತ್ರವೂ ಸಾಕು, 3 ಟೆಸ್ಲಾವೂ ಆಗುತ್ತದೆ. ‘3 ಟೆಸ್ಲಾ ಇದೆ’ ಎಂಬ ಬೋರ್ಡ್ ನೋಡಿ ಸೆಂಟರ್ ಆರಿಸುವವರು, ಓದುವ ರೇಡಿಯಾಲಜಿಸ್ಟ್ ಯಾರು ಎಂದು ಕೇಳುವುದನ್ನೇ ಮರೆಯುತ್ತಾರೆ.

ಮುಟ್ಟಿನ ಚಕ್ರದ ಯಾವ ದಿನವಾದರೂ ಎಂಆರ್‌ಐ ಮಾಡಿಸಬಹುದು, ಇಂಥದೇ ದಿನ ಎಂಬ ನಿಯಮವಿಲ್ಲ. ಡೈನೊಜೆಸ್ಟ್‌ನಂಥ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚೀಟಿಯಲ್ಲಿ ಬರೆಸಿ. ಮೂಗುಬೊಟ್ಟು, ಕಾಲುಂಗುರ, ತಾಳಿ, ಬಳೆ, ಸೀರೆಯ ಪಿನ್ನು, ರವಿಕೆಯ ಹುಕ್ಕು, ಎಲ್ಲವನ್ನೂ ಕಳಚಿಯೇ ಒಳಗೆ ಹೋಗಬೇಕು. ಬಿಗಿಯಾದ ಮೂಗುಬೊಟ್ಟನ್ನು ಹಿಂದಿನ ದಿನವೇ ಅಕ್ಕಸಾಲಿಗರ ಹತ್ತಿರ ತೆಗೆಸಿಕೊಂಡರೆ ಸೆಂಟರಿನಲ್ಲಿ ಪರದಾಡುವುದು ತಪ್ಪುತ್ತದೆ. ಕಾಪರ್-ಟಿ ಇದ್ದರೆ ತಿಳಿಸಿ, ಸಾಮಾನ್ಯವಾಗಿ ಅಡ್ಡಿಯಿಲ್ಲ. ಪೇಸ್‌ಮೇಕರ್, ಕಿವಿಯ ಕಾಕ್ಲಿಯರ್ ಇಂಪ್ಲಾಂಟ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ ಇರುವವರು ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ಹೇಳಬೇಕು.

ಎರಡನ್ನೂ ಎದುರುಬದುರು ಇಟ್ಟರೆ

2016ರ ಕೊಕ್ರೇನ್ ವಿಮರ್ಶೆ ಆವರೆಗಿನ ಅಧ್ಯಯನಗಳನ್ನು ಒಟ್ಟುಹಾಕಿ ಲೆಕ್ಕ ತೆಗೆಯಿತು. ಚಾಕೊಲೇಟ್ ಸಿಸ್ಟ್ ಇರುವ ನೂರು ಜನರಲ್ಲಿ ಟಿವಿಎಸ್ ಸುಮಾರು 93 ಜನರಲ್ಲಿ ಅದನ್ನು ಹಿಡಿಯಿತು, ಎಂಆರ್‌ಐ 95 ಜನರಲ್ಲಿ. ಗುದನಾಳ ಮತ್ತು ಸಿಗ್ಮಾಯ್ಡಿನ ಗಂಟಿಗೆ 90 ಮತ್ತು 92. ಇಷ್ಟರಲ್ಲಿ ಗೆದ್ದವರಿಲ್ಲ, ಸೋತವರಿಲ್ಲ. ಆಳದ ಎಂಡೊಮೆಟ್ರಿಯೋಸಿಸ್ ಒಟ್ಟಾರೆ ತೆಗೆದುಕೊಂಡರೆ ವ್ಯತ್ಯಾಸ ಬರುತ್ತದೆ. ಟಿವಿಎಸ್ 79ರಷ್ಟು ಹಿಡಿಯಿತು, ಎಂಆರ್‌ಐ 94ರಷ್ಟು. ಆದರೆ ರೋಗವಿಲ್ಲದ ನೂರು ಜನರಲ್ಲಿ ಟಿವಿಎಸ್ 94 ಜನರಿಗೆ ಸರಿಯಾಗಿ ‘ಇಲ್ಲ’ ಎಂದರೆ, ಎಂಆರ್‌ಐ 77 ಜನರಿಗೆ ಮಾತ್ರ. ಅಂದರೆ ಎಂಆರ್‌ಐ ಹೆಚ್ಚು ಹಿಡಿಯುತ್ತದೆ, ಇಲ್ಲದ್ದನ್ನು ಇದೆ ಎನ್ನುವುದೂ ಹೆಚ್ಚು. ಟಿವಿಎಸ್ ‘ಇದೆ’ ಎಂದರೆ ನಂಬಬಹುದು, ‘ಇಲ್ಲ’ ಎಂದರೆ ಯಾರು ನೋಡಿದ್ದು ಎಂದು ಕೇಳಬೇಕು.

ಜಾಗದ ಪ್ರಕಾರ ನೋಡಿದರೆ ಆಯ್ಕೆ ಇನ್ನೂ ಸುಲಭ. ಗರ್ಭಕೋಶ ಕರುಳಿಗೆ ಅಂಟಿದೆಯೇ, ಅಂಡಾಶಯ ಅಲುಗುತ್ತದೆಯೇ, ಎಷ್ಟು ಪುಟ್ಟ ಕೋಶಗಳಿವೆ ಎಂಬುದಕ್ಕೆ ಟಿವಿಎಸ್ ಮೇಲು. ಗುದನಾಳದ ಗಂಟಿನ ಆಳಕ್ಕೆ ಒಳ್ಳೆಯ ಕೈಯ ಟಿವಿಎಸ್ ಎಂಆರ್‌ಐಗೆ ಸರಿಸಮ. ಗುದದ್ವಾರದಿಂದ ದೂರ ಅಳೆಯಲು ಎಂಆರ್‌ಐ ಹೆಚ್ಚು ಭರವಸೆಯದು. ಮೇಲಿನ ಸಿಗ್ಮಾಯ್ಡ್, ಪೆಲ್ವಿಸ್ಸಿನ ಪಕ್ಕದ ಗೋಡೆ, ಕಾಲಿಗೆ ಹೋಗುವ ಸಯಾಟಿಕ್ ನರದ ಬುಡ, ವಪೆ ಇವಕ್ಕೆ ಎಂಆರ್‌ಐಯೇ. ಮೂತ್ರನಾಳವನ್ನು ಎರಡರಲ್ಲೂ ನೋಡಬಹುದು: 6 ಮಿ.ಮೀ. ಮೀರಿ ಹಿಗ್ಗಿದ್ದರೆ ಕೆಳಗೆ ಎಲ್ಲೋ ಅಡ್ಡಿಯಿದೆ ಎಂದು ಹುಡುಕಬೇಕು. ಗುದನಾಳ ಮತ್ತು ಯೋನಿಯ ನಡುವಿನ ಗಂಟು 3 ಸೆಂ.ಮೀ. ದಾಟಿದಾಗ ಮೂತ್ರನಾಳದ ಅನುಮಾನ ಇನ್ನೂ ಗಟ್ಟಿಯಾಗಿರಲಿ.

ಹೊಟ್ಟೆಯ ಒಳಪೊರೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಹರಡಿದ ಮೇಲ್ಮೈ ರೋಗವನ್ನು ಎರಡೂ ಭರವಸೆಯಿಂದ ಹಿಡಿಯಲಾರವು. ಯುರೋಪಿನ ಸಂತಾನ ವಿಜ್ಞಾನ ತಜ್ಞರ ಎಶ್ರೆ ಸಂಸ್ಥೆಯ 2022ರ ಮಾರ್ಗಸೂಚಿ ಇದನ್ನು ನೇರವಾಗಿಯೇ ಹೇಳುತ್ತದೆ: ಸ್ಕ್ಯಾನ್ ನಾರ್ಮಲ್ ಬಂದಿತೆಂದು ಎಂಡೊಮೆಟ್ರಿಯೋಸಿಸ್ ಇಲ್ಲವೆನ್ನಲಾಗದು. ‘ಸ್ಕ್ಯಾನಲ್ಲಿ ಏನೂ ಇಲ್ಲಮ್ಮ, ಮುಟ್ಟಿನ ನೋವು ಎಲ್ಲರಿಗೂ ಇರುತ್ತೆ’ ಎಂದು ಮನೆಗೆ ಕಳಿಸುವವರಿಗೆ ಈ ಮಾತು ತೋರಿಸಬೇಕು.

ಯಾರಿಗೆ ಯಾವುದು

ಮೊದಲು ತಜ್ಞರ ಟಿವಿಎಸ್, ಜೊತೆಗೆ ಕಿಡ್ನಿ. ಮೇಲೆ ಹೇಳಿದ ಪ್ರಶ್ನೆಗಳಿಗೆಲ್ಲ ಅದರಲ್ಲೇ ಉತ್ತರ ಸಿಕ್ಕರೆ ಅಲ್ಲಿಗೇ ನಿಲ್ಲಿಸಬಹುದು. ಸಿಗದ ಪ್ರಶ್ನೆ ಯಾವುದೋ ಅದನ್ನು ಬರೆದು ಎಂಆರ್‌ಐಗೆ ಕಳಿಸಬೇಕು. ಎಂಆರ್‌ಐ ಖರ್ಚು ಟಿವಿಎಸ್ಸಿನ ಹಲವು ಪಟ್ಟು, ಆದ್ದರಿಂದ ಈ ಕ್ರಮ ಜೇಬಿಗೂ ಒಳ್ಳೆಯದು. ಒಂದು ಬದಿಯ ಸಿಸ್ಟ್, ಸ್ಲೈಡಿಂಗ್ ಸೈನ್ ಪಾಸಿಟಿವ್, ಕರುಳಿನ ಲಕ್ಷಣ ಏನೂ ಇಲ್ಲ ಎಂದಾದರೆ ಎಂಆರ್‌ಐಯಿಂದ ಹೊಸದೇನೂ ತಿಳಿಯುವ ಸಂಭವ ಕಡಿಮೆ.

ಅಂಥ ಟಿವಿಎಸ್ ಮಾಡುವವರು ನಿಮ್ಮ ಜಿಲ್ಲೆಯಲ್ಲಿ ಇಲ್ಲದಿದ್ದರೆ ಈ ಕ್ರಮ ತಿರುಗಿಸಿ. ಅನುಭವವಿಲ್ಲದ ಕೈಯ ಮೂರು ಟಿವಿಎಸ್‌ಗಿಂತ ಸರಿಯಾದ ಪ್ರೋಟೋಕಾಲಿನ ಒಂದು ಎಂಆರ್‌ಐ ಮೇಲು. ಅದನ್ನು ಎಂಡೊಮೆಟ್ರಿಯೋಸಿಸ್ ಬಲ್ಲ ರೇಡಿಯಾಲಜಿಸ್ಟರಿಗೆ ಕಳಿಸಿ ಓದಿಸಿ.

ಮದುವೆಯಾಗದ ಹುಡುಗಿಯರ ವಿಷಯದಲ್ಲಿ ಎಡವುವುದೇ ಹೆಚ್ಚು. ಟಿವಿಎಸ್ ಬೇಡವೆಂದು ಹೊಟ್ಟೆ ಸ್ಕ್ಯಾನ್ ಮಾತ್ರ ಮಾಡುತ್ತಾರೆ, ಅದು ನಾರ್ಮಲ್ ಬರುತ್ತದೆ, ವರ್ಷಗಳು ಉರುಳುತ್ತವೆ. ಇವರಿಗೆ ನೇರವಾಗಿ ಎಂಆರ್‌ಐ ಮಾಡಿಸಬಹುದು. ಯೋನಿಯ ಜೆಲ್ ಇಲ್ಲದೆಯೂ ಆಗುತ್ತದೆ. ಒಪ್ಪಿಗೆಯಿದ್ದರೆ ಅದೇ ಪ್ರೋಬಿನಿಂದ ಗುದದ ಮೂಲಕ ಸ್ಕ್ಯಾನ್ ಮಾಡುವ ದಾರಿಯೂ ಇದೆ. ಒಪ್ಪಿಗೆ ಹುಡುಗಿಯದು, ಜೊತೆಗೆ ಬಂದ ಅಮ್ಮ ತಲೆಯಾಡಿಸಿದರೆ ಸಾಲದು. ಯೋನಿ ಬಿಗಿದುಕೊಳ್ಳುವ ತೊಂದರೆಯಿಂದ ಪ್ರೋಬ್ ತಡೆಯಲಾರದ ವಿವಾಹಿತರಿಗೂ ಇದೇ ಮಾತು.

ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಚುಚ್ಚುವ ನೋವು, ಮಲದಲ್ಲಿ ರಕ್ತ ಇದ್ದರೆ ಎರಡೂ ಸ್ಕ್ಯಾನ್ ಬೇಕು. ಹಿಂದೆ ಒಮ್ಮೆ ಎಂಡೊಮೆಟ್ರಿಯೋಸಿಸ್ ಆಪರೇಷನ್ ಆಗಿದ್ದರೂ ಅಷ್ಟೆ. ಹಳೆಯ ಆಪರೇಷನ್ ನೋಟ್ಸ್ ಮತ್ತು ವಿಡಿಯೋ ಸಿಕ್ಕರೆ ಜೊತೆಗಿರಲಿ, ಗಾಯದ ಕಲೆಯನ್ನು ಗಂಟೆಂದು ಓದುವುದು ತಪ್ಪುತ್ತದೆ. ಮುಟ್ಟಿನ ಜೊತೆಗೇ ಬಲ ಭುಜ ನೋಯುವವರು, ಪೃಷ್ಠದಿಂದ ಕಾಲಿಗೆ ಸೆಳೆತ ಇಳಿಯುವವರು ಎಂಆರ್‌ಐ ಚೀಟಿಯಲ್ಲಿ ಅದನ್ನು ಬರೆಸಲೇಬೇಕು. ಭುಜದ ನೋವು ವಪೆಯ ರೋಗದ್ದಿರಬಹುದು, ಕಾಲಿನ ಸೆಳೆತ ನರದ್ದಿರಬಹುದು. ಬರೆಯದಿದ್ದರೆ ವಪೆಯವರೆಗೆ ಸ್ಕ್ಯಾನ್ ಹೋಗುವುದೇ ಇಲ್ಲ.

ಮಗು ಬೇಕೆನ್ನುವವರು ಸಿಸ್ಟ್ ತೆಗೆಸುವ ಮೊದಲು ಟಿವಿಎಸ್ಸಿನಲ್ಲಿ ಪುಟ್ಟ ಕೋಶಗಳ ಎಣಿಕೆ ಮತ್ತು ಅಂಡಾಣುಗಳ ಸಂಗ್ರಹ ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಸಿಸ್ಟ್ ಸುಲಿಯುವಾಗ ಅಂಡಾಶಯದ ಒಳ್ಳೆಯ ಭಾಗವೂ ಸ್ವಲ್ಪ ಹೋಗುತ್ತದೆ. ಎರಡೂ ಬದಿಗೆ ಸಿಸ್ಟ್ ಇದ್ದರೆ ನಷ್ಟ ಇನ್ನೂ ಹೆಚ್ಚು.

ಉಳಿದ ಪರೀಕ್ಷೆಗಳು

ಸಿಟಿ ಸ್ಕ್ಯಾನ್‌ನಲ್ಲಿ ಈ ಗಂಟುಗಳು ಸುತ್ತಲಿನ ಮಾಂಸದಿಂದ ಬೇರೆಯಾಗಿ ಕಾಣುವುದು ಕಷ್ಟ, ಮೇಲೆ ಕಿರಣ ಬೇರೆ. ಕರುಳು ಕಟ್ಟಿಕೊಂಡು ತುರ್ತಾಗಿ ಬಂದಾಗ, ಅಥವಾ ಮೂತ್ರನಾಳದ ಜಾಡು ನೋಡಲು ಯೂರಾಲಜಿಸ್ಟ್ ಕೇಳಿದಾಗ ಅದಕ್ಕೆ ಜಾಗವಿದೆ. ಕಿಡ್ನಿ ಊದಿದ್ದರೆ ಅದರಲ್ಲಿ ಎಷ್ಟು ಕೆಲಸ ಉಳಿದಿದೆ ಎಂದು ತಿಳಿಯಲು ಡಿಟಿಪಿಎ ಸ್ಕ್ಯಾನ್ ಮಾಡಿಸುತ್ತಾರೆ.

ಗುದದ ಮೂಲಕ ಕ್ಯಾಮೆರಾ ಕಳಿಸಿ ಕರುಳಿನೊಳಗೆ ನೋಡುವ ಕೊಲೊನೊಸ್ಕೋಪಿ ನಾರ್ಮಲ್ ಬಂದರೆ ಕರುಳಿಗೆ ರೋಗ ಇಲ್ಲ ಎಂದು ತಿಳಿಯುವವರಿದ್ದಾರೆ. ಎಂಡೊಮೆಟ್ರಿಯೋಸಿಸ್ ಕರುಳನ್ನು ಹೊರಗಿನಿಂದ ಒಳಕ್ಕೆ ಕೊರೆಯುತ್ತದೆ. ಒಳಪದರ ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ. ರಕ್ತ ಹೋಗುತ್ತಿದ್ದಾಗ ಬೇರೆ ಕಾರಣ ಇದೆಯೇ ಎಂದು ನೋಡಲು ಆ ಪರೀಕ್ಷೆ, ಗಂಟು ಹುಡುಕಲು ಅಲ್ಲ. ಸಿಎ-125 ರಕ್ತಪರೀಕ್ಷೆ ಯೋಜನೆಗೆ ಏನೂ ಕೊಡುವುದಿಲ್ಲ. ಅದು ಹೊಟ್ಟೆಯ ಕ್ಷಯದಲ್ಲೂ ಏರುತ್ತದೆ. ಅಂಟಿಕೊಂಡ ಅಂಡಾಶಯ, ಊದಿದ ಅಂಡನಾಳ, ಕೆಳಹೊಟ್ಟೆಯಲ್ಲಿ ನೀರು ಕಂಡಾಗ ನಮ್ಮ ದೇಶದಲ್ಲಿ ಟಿಬಿಯನ್ನೂ ನೆನಪಿಡಬೇಕು. ಇನ್ನೊಂದು ವೇಷಧಾರಿ ರಕ್ತ ತುಂಬಿದ ಮಾಮೂಲಿ ಸಿಸ್ಟ್. ಅನುಮಾನವಿದ್ದರೆ ಆರರಿಂದ ಹನ್ನೆರಡು ವಾರ ಬಿಟ್ಟು ಮತ್ತೆ ಟಿವಿಎಸ್ ಮಾಡಿದರೆ ಸಾಕು. ಅದು ಕರಗಿರುತ್ತದೆ, ಚಾಕೊಲೇಟ್ ಸಿಸ್ಟ್ ಅಲ್ಲೇ ಇರುತ್ತದೆ.

ರಿಪೋರ್ಟ್ ಕೈಗೆ ಬಂದಾಗ

‘ಗ್ರೇಡ್ 4 ಎಂಡೊಮೆಟ್ರಿಯೋಸಿಸ್’ ಎಂಬ ಒಂದು ಸಾಲು ಸರ್ಜನ್‌ಗೆ ಹೆಚ್ಚೇನೂ ಹೇಳುವುದಿಲ್ಲ. ಹಳೆಯ ಗ್ರೇಡ್ ಪದ್ಧತಿ ಆಳದ ಗಂಟುಗಳನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2021ರಿಂದ ಎನ್‌ಜಿಯಾನ್ ಎಂಬ ಸಂಕೇತ ಪದ್ಧತಿಯ ಹೊಸ ರೂಪ ಬಳಕೆಗೆ ಬಂದಿದೆ. ಎ ಎಂದರೆ ಯೋನಿ ಮತ್ತು ಅದರ ಹಿಂದಿನ ಸಂದು, ಬಿ ಎಂದರೆ ಹಿಂದಿನ ಪಟ್ಟಿಗಳು ಮತ್ತು ಪಕ್ಕದ ಗೋಡೆ, ಸಿ ಎಂದರೆ ಗುದನಾಳ. ಪಕ್ಕದ ಅಂಕಿ ಅಳತೆ ಹೇಳುತ್ತದೆ: 1 ಎಂದರೆ 1 ಸೆಂ.ಮೀ.ಗಿಂತ ಕಡಿಮೆ, 2 ಎಂದರೆ 1ರಿಂದ 3, 3 ಎಂದರೆ 3 ಸೆಂ.ಮೀ.ಗಿಂತ ಹೆಚ್ಚು. ಅಂಡಾಶಯಕ್ಕೆ ಓ, ಅಲ್ಲಿ ಅಳತೆಯ ಗಡಿ 3 ಮತ್ತು 7 ಸೆಂ.ಮೀ. ಎಫ್‌ಎ ಅಡಿನೊಮಯೋಸಿಸ್, ಎಫ್‌ಬಿ ಮೂತ್ರಕೋಶ, ಎಫ್‌ಯು ಮೂತ್ರನಾಳ, ಎಫ್‌ಐ ಗುದನಾಳ ಬಿಟ್ಟು ಉಳಿದ ಕರುಳು. ‘ಓ2/0’ ಎಂದಿದ್ದರೆ ಎಡಕ್ಕೆ 3ರಿಂದ 7 ಸೆಂ.ಮೀ., ಬಲಕ್ಕೆ ಇಲ್ಲ. ಎಡದ್ದು ಮೊದಲು, ಬಲದ್ದು ಆಮೇಲೆ. ‘ಸಿ3’ ಕಂಡರೆ ಕರುಳಿನ ಸರ್ಜನ್ ಜೊತೆ ಮಾತಾಡದೆ ಆಪರೇಷನ್ ದಿನ ಗೊತ್ತುಮಾಡಬೇಡಿ.

ಈ ಸಂಕೇತ ಬಳಸದ ರಿಪೋರ್ಟುಗಳೇ ನಮ್ಮಲ್ಲಿ ಹೆಚ್ಚು, ಅದರಿಂದ ತೊಂದರೆಯಿಲ್ಲ. ಅಳತೆಗಳು, ಜಾಗ, ಸ್ಲೈಡಿಂಗ್ ಸೈನ್, ಎರಡೂ ಕಿಡ್ನಿಯ ಸ್ಥಿತಿ ಇವೆಯೇ ನೋಡಿ. ಕರುಳಿನ ಮಾತೇ ಎತ್ತದ ರಿಪೋರ್ಟನ್ನು ‘ಕರುಳು ಚೆನ್ನಾಗಿದೆ’ ಎಂದು ಓದಿಕೊಳ್ಳಬಾರದು. ನೋಡಿಲ್ಲ ಎಂದೇ ಭಾವಿಸಿ, ಸೆಂಟರಿಗೆ ಹೋಗಿ ಕೇಳಿ.

ಟಿವಿಎಸ್ ಒಂದು ಹೇಳಿ ಎಂಆರ್‌ಐ ಇನ್ನೊಂದು ಹೇಳುವುದೂ ಆಗುತ್ತದೆ. ಮೂರನೆಯ ಸ್ಕ್ಯಾನ್ ಮಾಡಿಸಿ ಬಹುಮತ ಎಣಿಸುವುದು ದಾರಿಯಲ್ಲ. ಎಂಆರ್‌ಐ ‘ಕರುಳಿನಲ್ಲಿ ಗಂಟು’ ಎಂದು ಟಿವಿಎಸ್ ‘ಇಲ್ಲ’ ಎಂದರೆ, ಗಂಟು ಪ್ರೋಬಿಗೆ ಸಿಗದ ಎತ್ತರದಲ್ಲಿದೆಯೇ ಎಂದು ಮೊದಲು ನೋಡಬೇಕು. ಅಲ್ಲವಾದರೆ ಮಡಿಸಿಕೊಂಡ ಗುದನಾಳದ ಗೋಡೆಯೇ ಎಂಆರ್‌ಐಯಲ್ಲಿ ಗಂಟಿನಂತೆ ಕಂಡಿರಬಹುದು. ಟಿವಿಎಸ್ ‘ಅಂಟಿಕೊಂಡಿದೆ’ ಎಂದು ಎಂಆರ್‌ಐ ಸುಮ್ಮನಿದ್ದರೆ, ಅಲುಗಿಸಿ ನೋಡಿದ್ದು ಟಿವಿಎಸ್, ಅದಕ್ಕೇ ತೂಕ ಹೆಚ್ಚು. ಸರ್ಜನ್ ಮತ್ತು ರೇಡಿಯಾಲಜಿಸ್ಟ್ ಒಂದೇ ಪರದೆಯ ಮುಂದೆ ಕೂತು ಹತ್ತು ನಿಮಿಷ ನೋಡಿದರೆ ಇಂಥ ಬಹುಪಾಲು ತಕರಾರು ಬಗೆಹರಿಯುತ್ತದೆ.

ಅದಕ್ಕಾಗಿಯೇ ಫಿಲ್ಮ್ ಸಾಲದು, ಡೈಕಾಮ್ ಫೈಲುಗಳು, ಅಂದರೆ ಸ್ಕ್ಯಾನಿನ ಪೂರ್ತಿ ಮೂಲ ಚಿತ್ರಗಳು, ಇರುವ ಸಿ.ಡಿ. ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ. ಫಿಲ್ಮಿನಲ್ಲಿ ಆಯ್ದ ಕೆಲವೇ ಚಿತ್ರ ಇರುತ್ತವೆ, ಅಳತೆ ಮತ್ತೆ ತೆಗೆಯಲು ಬರುವುದಿಲ್ಲ. ಸಿ.ಡಿ.ಯನ್ನು ಮನೆಯ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿ, ಖಾಲಿ ಸಿ.ಡಿ. ಹಿಡಿದು ಬೆಂಗಳೂರಿನವರೆಗೆ ಬಂದರೆ ಆ ದಿನದ ಅಪಾಯಿಂಟ್‌ಮೆಂಟ್ ದಂಡ. ಸ್ಕ್ಯಾನ್ ಆಗಿ ಆರು ತಿಂಗಳು ದಾಟಿದ್ದರೆ, ಅಥವಾ ನಡುವೆ ಹಾರ್ಮೋನ್ ಮಾತ್ರೆ ಶುರುವಾಗಿದ್ದರೆ, ನಿಂತಿದ್ದರೆ, ಆಪರೇಷನ್‌ಗೆ ಮುಂಚೆ ಕನಿಷ್ಠ ಟಿವಿಎಸ್ ಮತ್ತು ಕಿಡ್ನಿ ಸ್ಕ್ಯಾನ್ ಮತ್ತೊಮ್ಮೆ ಆಗಲಿ.